ಕಸೂತಿ ಬಲ್ಲವಳಿಗೆ ಕಂಪ್ಯೂಟರ್ ಯಾಕೆ?

“ಕಂಪ್ಯೂಟರ್ ಗಂಡುಹುಡುಗ್ರಿಗೆ ಇರ್ಲಿ, ಹೆಣ್ಮಕ್ಕಳಿಗೆ ಕಸೂತಿ ಸಾಕ್ರೀ” ಎಂಬ ಮಾತನ್ನು ನಮ್ಮ ಸಂಶಿಯಲ್ಲಿ ಬಹಳ ಸಲ ಕೇಳಿದ್ದೇನೆ. ಹೀಗೆನ್ನುವವರಿಗೆ ಕಂಪ್ಯೂಟರೂ ಗೊತ್ತಿಲ್ಲ, ಕಸೂತಿಯೂ ಗೊತ್ತಿಲ್ಲ.

ಮೊದಮೊದಲು ಕಂಪ್ಯೂಟರಿಗೆ ಪ್ರತಿಯೊಂದು ಅಪ್ಪಣೆಯನ್ನೂ ಟೈಪು ಮಾಡಿಯೇ ಕೊಡಬೇಕಿತ್ತು. ತೆರೆಯ ಮೇಲಿನ ಚಿತ್ರವನ್ನು ಮೌಸಿನಿಂದ ಒತ್ತಿದರೆ ಸಾಕೆಂಬ ಅನುಕೂಲವನ್ನು ಜನರ ಕೈಗೆ ಮುಟ್ಟಿಸಿದ್ದರಲ್ಲಿ 1984ರ ಆಪಲ್ ಮೆಕಿಂಟಾಷ್ ಮುಖ್ಯವಾದುದು. ಅದರ ಚಿತ್ರಗಳನ್ನು ಬರೆದಾಕೆ ಸೂಸನ್ ಕೇರ್ ಎಂಬ ಹೆಣ್ಣುಮಗಳು. ಓದಿದ್ದು ಕಲೆ, ಇಂಜಿನಿಯರಿಂಗ್ ಅಲ್ಲ. ಚೌಕುಳಿ ಕಾಗದದ ಮೇಲೆ ಉದ್ದ 32, ಅಗಲ 32 ಮನೆ ಎಣಿಸಿ, ಒಂದೊಂದೇ ಮನೆ ತುಂಬಿ ಚಿತ್ರ ಮಾಡಿದಳು. 1990ರ ವಿಂಡೋಸ್ 3.0ರಲ್ಲಿ ಸಾಹೇಬರು ಕಚೇರಿಯಲ್ಲಿ ಕೂತು ಆಡಿದ ಇಸ್ಪೀಟಿನ ಎಲೆಗಳೂ ಅವಳವೇ!

ನಮ್ಮವರು ಇಳಕಲ್ ಸೀರೆಯ ಮೇಲೆ ಮಾಡುವುದು ಮತ್ತೇನು? ಗೆರೆ ಎಳೆದುಕೊಳ್ಳದೆ, ಎಳೆ ಎಣಿಸಿ, ಗಂಟು ಹಾಕದೆ ಗೋಪುರ, ತೇರು, ಆನೆ ಎಬ್ಬಿಸುತ್ತಾರೆ. ಒಂದು ಎಳೆ ತಪ್ಪಿದರೆ ತೇರೇ ಸೊಟ್ಟ. ಈ ಲೆಕ್ಕ ಬಲ್ಲ ಕೈಗೆ ಮೌಸು ಭಾರವೇ?

ಮಗಳಿಗೆ ಸೂಜಿ ಕೊಟ್ಟು ಮಗನಿಗೆ ಫೀ ಕಟ್ಟುವ ಮನೆಗಳಿಗೆ ನನ್ನ ಮಾತಿಷ್ಟೆ: ಕಸೂತಿ ಬಿಡಿಸಬೇಡಿ, ಅದನ್ನೇ ಅಡ್ಡಗೋಡೆಯೂ ಮಾಡಬೇಡಿ. ಅಕ್ಕಂದಿರೇ, ಮುಂದಿನ ಸಲ ಫೀಯ ದುಡ್ಡನ್ನು ಮಗಳ ಹೆಸರಿನಿಂದಲೇ ಎಣಿಸಲು ಶುರು ಮಾಡಿರಿ.