ಕರ್ಚೀಫ್ ಹಾಕಿ ವೈಫೈ ಹಿಡಿಯೋದು ಬೇಡ

ಕಳೆದ ಸೆಮ್‌ನಲ್ಲಿ ನಮ್ಮ ವಿಂಗ್‌ನ ಒಬ್ಬ ಗೆಳೆಯ ಲ್ಯಾಬ್ ರಿಪೋರ್ಟ್ ಅಪ್‌ಲೋಡ್ ಮಾಡೋಕೆ ರಾತ್ರಿ ಹನ್ನೊಂದೂವರೆಯಿಂದ ಒದ್ದಾಡಿದ. ಫೈಲ್ ಇದ್ದದ್ದು ಬರೀ 4 ಎಂಬಿ. ಹನ್ನೆರಡಕ್ಕೆ ಪೋರ್ಟಲ್ ಮುಚ್ಚಿತು, ಮಾರ್ಕ್ಸ್ ಹೋಯ್ತು. ಆಗಿನಿಂದ ಹಾಸ್ಟೆಲ್‌ನಲ್ಲಿ ಒಂದೇ ಕೂಗು: "ಪ್ರತಿ ರೂಮಿಗೂ ಇಷ್ಟು ಸ್ಪೀಡ್ ಅಂತ ಫಿಕ್ಸ್ ಮಾಡಿ." ಈ ಬೇಡಿಕೆ ತಪ್ಪು ಅಂತ ನಮಗನ್ನಿಸುತ್ತೆ.

ನಾವು ರಾಬರ್ಟ್‌ಸನ್‌ಪೇಟೆಯವರು. ಮಲ್ಟಿಪ್ಲೆಕ್ಸಿಂಗ್ ಅನ್ನೋ ಪದ ಕಲಿಯೋಕೆ ಮುಂಚೆನೇ ಅದನ್ನ ರೈಲಲ್ಲಿ ನೋಡಿದ್ದೀವಿ. ಮಾರಿಕುಪ್ಪಂನಿಂದ ಹೊರಟ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುತ್ತೆ. ಅಲ್ಲಿಂದ ಬೆಂಗಳೂರಿನ ಹಳಿ ನಮ್ಮೊಬ್ಬರದೇ ಅಲ್ಲ, ಚೆನ್ನೈ ಕಡೆಯ ರೈಲುಗಳೂ ಅದರಲ್ಲೇ ಓಡಬೇಕು. ಹಾಗಾಗಿ ಪ್ರತಿ ರೈಲಿಗೂ ಅದರದೇ ಟೈಮು. ಇದು ಟೈಮ್ ಡಿವಿಷನ್.

ಹಳೇ ಟೆಲಿಫೋನ್ ಜಾಲವೂ ಹೀಗೇ. ಇ-1 ಲೈನಿನ ವೇಗ 2.048 ಎಂಬಿಪಿಎಸ್. ಅದನ್ನ 32 ಸ್ಲಾಟ್ ಮಾಡಿ, ಒಂದೊಂದಕ್ಕೂ 64 ಕೆಬಿಪಿಎಸ್ ಕೊಡ್ತಾರೆ. 30 ಸ್ಲಾಟ್ ಮಾತಿಗೆ, ಎರಡು ಲೈನಿನ ನಿರ್ವಹಣೆಗೆ. ಸೆಕೆಂಡಿಗೆ 8000 ಸಲ ಎಲ್ಲರ ಸರದಿ ಬರುತ್ತೆ. ನೀವು ಫೋನ್ ಹಿಡಿದು ಸುಮ್ಮನಿದ್ದರೂ ನಿಮ್ಮ ಸ್ಲಾಟ್ ಬೇರೆಯವರಿಗಿಲ್ಲ, ಖಾಲಿಯಾಗೇ ಹೋಗುತ್ತೆ. ಸೀಟಿಗೆ ಕರ್ಚೀಫ್ ಹಾಕಿ ಪ್ಲಾಟ್‌ಫಾರ್ಮ್‌ನಲ್ಲಿ ಟೀ ಕುಡಿಯೋರು ಮಾಡೋದೂ ಇದನ್ನೇ.

ರೂಮಿಗಿಷ್ಟು ಅಂತ ಫಿಕ್ಸ್ ಮಾಡಿದ್ರೆ ಆಗೋದೂ ಇದೇ. ಒಂದು ಲೆಕ್ಕ ಹಾಕಿ. ಲೈನು 100 ಎಂಬಿಪಿಎಸ್, ರೂಮು 50 ಅಂದ್ಕೊಳ್ಳಿ. ರೂಮಿಗೆ 2 ಎಂಬಿಪಿಎಸ್. ರಾತ್ರಿ ಹತ್ತೇ ರೂಮು ನೆಟ್ ಬಳಸ್ತಿದ್ರೂ ಅವರಿಗೆ 2 ಎಂಬಿಪಿಎಸ್ಸೇ, ಉಳಿದ 80 ದಂಡ.

ಇಂಟರ್‌ನೆಟ್ ಈ ತಪ್ಪು ಮಾಡಲ್ಲ. ಡೇಟಾ ಪ್ಯಾಕೆಟ್ ಆಗುತ್ತೆ, ಪ್ರತಿ ಪ್ಯಾಕೆಟ್ ಮೇಲೂ ವಿಳಾಸ ಇರುತ್ತೆ, ಯಾರಿಗೆ ಬೇಕೋ ಅವರು ಲೈನ್ ಬಳಸ್ತಾರೆ. ಇದೇ ಸ್ಟ್ಯಾಟಿಸ್ಟಿಕಲ್ ಮಲ್ಟಿಪ್ಲೆಕ್ಸಿಂಗ್. ಒಬ್ಬರು ಇಳಿದ ಸೀಟಿಗೆ ಇನ್ನೊಬ್ಬರು ಕೂತ ಹಾಗೆ.

ಹಾಗಾದ್ರೆ ಗೆಳೆಯನಿಗೆ ಯಾಕೆ ಸೀಟು ಸಿಗಲಿಲ್ಲ? ಲೈನಿನ ಬಾಗಿಲಲ್ಲಿ ಒಂದೇ ಕ್ಯೂ ಇದ್ದು, ಮೊದಲು ಬಂದೋರಿಗೆ ಮೊದಲು ಅಂತಾದ್ರೆ, 20 ಕನೆಕ್ಷನ್ ತೆರೆದು ಗೇಮ್ ಡೌನ್‌ಲೋಡ್ ಮಾಡೋನಿಗೆ ಹತ್ತಿರ ಹತ್ತಿರ 20 ಪಾಲು, ಒಂದು ಕನೆಕ್ಷನ್‌ನವನಿಗೆ ಒಂದು ಪಾಲು. ಬರೀ ಲೈನ್ ದೊಡ್ಡದು ಮಾಡಿದ್ರೂ ಈ ಅನ್ಯಾಯ ಹಾಗೇ ಇರುತ್ತೆ.

ಇದಕ್ಕೆ ಮದ್ದು ಫೇರ್ ಕ್ಯೂಯಿಂಗ್. ಪ್ರತಿ ಬಳಕೆದಾರನಿಗೂ ಒಂದು ಕ್ಯೂ. ರೌಟರ್ ಒಂದೊಂದರಿಂದ ಸರದಿ ಪ್ರಕಾರ ಪ್ಯಾಕೆಟ್ ತೆಗೆಯುತ್ತೆ, ಖಾಲಿ ಕ್ಯೂ ಬಿಟ್ಟು ಮುಂದೆ ಹೋಗುತ್ತೆ. ರೂಮಿಗೊಂದು ಕ್ಯೂ ಅಂತಿಟ್ಟರೆ, ಹತ್ತು ರೂಮು ಬಳಸ್ತಿದ್ದಾಗ ತಲಾ 10 ಎಂಬಿಪಿಎಸ್. ಐವತ್ತೂ ಬಳಸಿದ್ರೆ ತಲಾ 2, ಅಂದ್ರೆ ಫಿಕ್ಸ್ ಮಾಡಿದ್ರೆ ಸಿಗ್ತಿದ್ದಷ್ಟೇ. ಯಾರಿಗೂ ನಷ್ಟ ಇಲ್ಲ.

ಅದಕ್ಕೇ ನಮ್ಮ ಕೋರಿಕೆ: ಅರ್ಜಿಯಲ್ಲಿ ಕೋಟಾ ಅನ್ನೋ ಪದ ಹೊಡೆದುಹಾಕಿ, ಫೇರ್ ಕ್ಯೂ ಅಂತ ಬರೆಯೋಣ. ಅದು ಬರೋ ತನಕ ಸಬ್ಮಿಷನ್ ಇರೋ ರಾತ್ರಿ ಹನ್ನೆರಡರವರೆಗೆ ದೊಡ್ಡ ಡೌನ್‌ಲೋಡ್ ನಿಲ್ಲಿಸೋಣ. ಗೇಮ್ ಬೆಳಗ್ಗೆಯೂ ಸಿಗುತ್ತೆ, ಪೋರ್ಟಲ್ ಸಿಗಲ್ಲ.