ಗಂಟಲಿನ ಜೋಡೆತ್ತು

ರಾಜ್ಯೋತ್ಸವದ ವೇದಿಕೆಯಾಗಲಿ, ಮನೆಯ ಕರೋಕೆಯಾಗಲಿ, ಹಾಡು ಚರಣದ ಎತ್ತರಕ್ಕೆ ಏರಿದಾಗ ಹವ್ಯಾಸಿ ಗಾಯಕರು ಮಾಡುವುದು ಸಾಮಾನ್ಯವಾಗಿ ಎರಡರಲ್ಲಿ ಒಂದು. ಕತ್ತಿನ ನರ ಉಬ್ಬಿಸಿ ಕೂಗುತ್ತಾರೆ. ಇಲ್ಲವೇ ಇದ್ದಕ್ಕಿದ್ದಂತೆ ಕಳ್ಳದನಿಗೆ ಜಾರಿಕೊಳ್ಳುತ್ತಾರೆ. ಎರಡಕ್ಕೂ ಅಂಜಿದವರು ಕೀಬೋರ್ಡಿನವರ ಕಡೆ ಬಾಗಿ, ‘ಅರ್ಧ ಶ್ರುತಿ ಇಳಿಸಿ ಸಾರ್’ ಎನ್ನುತ್ತಾರೆ. ಇಳಿಸಿದರೆ ತಪ್ಪೇನಿಲ್ಲ. ಆದರೆ ದನಿ ಒಡೆಯುವ ಜಾಗ ಅದರಿಂದ ಮಾಯವಾಗದು, ಇನ್ನೊಂದು ಹಾಡಿನಲ್ಲಿ ಕಾದು ಕೂತಿರುತ್ತದೆ. ಕೂಗಿಗೂ ಕಳ್ಳದನಿಗೂ ನಡುವೆ ಒಂದು ದಾರಿಯಿದೆ. ಪಾಶ್ಚಾತ್ಯ ಗಾಯನದವರು ಅದನ್ನು ‘ಮಿಕ್ಸ್ಡ್ ವಾಯ್ಸ್’ ಎನ್ನುತ್ತಾರೆ. ನಾವು ಮಿಶ್ರದನಿ ಎನ್ನೋಣ. ಅದು ಗಟ್ಟಿಯಾಗಬೇಕು ಎಂದು ಬಯಸುವವರು ಮೊದಲೇ ಒಪ್ಪಬೇಕಾದ ಮಾತೊಂದಿದೆ: ಅದನ್ನು ಮೆಲ್ಲಗೆ ಹಾಡಿಯೇ ಸಂಪಾದಿಸಬೇಕು.

ಕಾರಣ ತಿಳಿಯಲು ಗಂಟಲೊಳಗೆ ಇಣುಕಬೇಕು. ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಒಂದನೇ ಶ್ರುತಿಯಲ್ಲಿ ಹಾಡುವ ಪುರುಷ ಮಧ್ಯಸ್ಥಾಯಿ ಷಡ್ಜ ಹಿಡಿದಾಗ ಅವು ಸೆಕೆಂಡಿಗೆ ಸುಮಾರು 130 ಸಲ ಕೂಡಿ ಬಿಡುತ್ತವೆ. ತಾರ ಷಡ್ಜಕ್ಕೆ ಅದರ ಎರಡು ಪಟ್ಟು. ಸ್ವರದ ಎತ್ತರ ಬದಲಿಸುವ ಕೆಲಸಕ್ಕೆ ಮುಖ್ಯವಾಗಿ ಎರಡು ಸ್ನಾಯುಗಳು ಹೆಗಲು ಕೊಡುತ್ತವೆ. ಒಂದು ತಂತುವಿನೊಳಗೇ ಇದ್ದು ಅದನ್ನು ಗಿಡ್ಡಗೆ, ದಪ್ಪಗೆ ಮಾಡುತ್ತದೆ. ಇನ್ನೊಂದು ಹೊರಗಿನಿಂದ ಎಳೆದು ಉದ್ದಗೆ, ತೆಳ್ಳಗೆ ಮಾಡುತ್ತದೆ. ಮಾತಿನ ಎತ್ತರದಲ್ಲಿ ಮೊದಲನೆಯದರದೇ ಕಾರುಬಾರು. ಅದರಿಂದ ಬರುವುದು ತುಂಬಿದ ಎದೆದನಿ. ಸ್ವರ ಏರಿದಂತೆ ಎರಡನೆಯದು ಭಾರ ಹೊರಬೇಕು. ಅದರಿಂದ ಬರುವುದು ತೆಳು ತಲೆದನಿ.

ಇವನ್ನು ಒಂದೇ ನೊಗದ ಜೋಡೆತ್ತು ಎಂದುಕೊಳ್ಳಿ. ಏರಿನಲ್ಲಿ ಒಂದೇ ಎತ್ತು ಹಟ ಹಿಡಿದು ಎಳೆದರೆ ಅದು ಕೂಗು. ಆ ಎತ್ತು ಸೋತು ಥಟ್ಟನೆ ನೊಗ ಬಿಟ್ಟರೆ ಗಾಡಿ ಜರ್ಕು ಹೊಡೆಯುತ್ತದೆ. ಅದೇ ದನಿ ಒಡೆಯುವುದು. ಒಂದು ಸಡಿಲಿಸುತ್ತ ಬಂದಷ್ಟೂ ಇನ್ನೊಂದು ಹೆಗಲು ಕೊಡುತ್ತ ಹೋದರೆ ಕೇಳುವವರಿಗೆ ಏರು ಇದ್ದದ್ದೇ ಗೊತ್ತಾಗದು. ಮಿಶ್ರದನಿ ಎಂಬ ಮೂರನೆಯ ಎತ್ತು ಕೊಟ್ಟಿಗೆಯಲ್ಲಿಲ್ಲ. ಇರುವ ಎರಡಕ್ಕೇ ಹೊಂದಾಣಿಕೆ ಕಲಿಸಬೇಕು, ಜೊತೆಗೆ ಬಾಯಿಯ ಆಕಾರವನ್ನೂ ಹದಗೊಳಿಸಬೇಕು.

ಎದೆದನಿ, ತಲೆದನಿ ಎಂಬ ಹೆಸರುಗಳು ಪಶ್ಚಿಮದವರದಷ್ಟೇ ಅಲ್ಲ. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಮಂದ್ರಕ್ಕೆ ಹೃದಯ, ಮಧ್ಯಕ್ಕೆ ಕಂಠ, ತಾರಕ್ಕೆ ಮೂರ್ಧ ಎಂದು ನೆಲೆ ಗುರುತಿಸಿದ್ದಾನೆ. ತಗ್ಗಿನ ಸ್ವರದ ಕಂಪನ ಎದೆಯಲ್ಲೂ ಮೇಲಿನದು ತಲೆಯಲ್ಲೂ ಮುಟ್ಟುತ್ತದೆಂಬುದು ಹಾಡುವವರೆಲ್ಲರ ಅನುಭವ. ನಾದ ಹುಟ್ಟುವುದು ಮಾತ್ರ ಎಲ್ಲ ಸ್ಥಾಯಿಗಳಲ್ಲೂ ಆ ಎರಡು ತಂತುಗಳಲ್ಲೇ. ಅದನ್ನು ಕಣ್ಣಾರೆ ಕಂಡ ಮೊದಲಿಗರಲ್ಲಿ ಒಬ್ಬರು ಹಾಡು ಕಲಿಸುವ ಮೇಷ್ಟ್ರು. ಸ್ಪೇನ್ ಮೂಲದ ಮಾನ್ವೆಲ್ ಗಾರ್ಸಿಯಾ 1854ರಲ್ಲಿ ಪುಟ್ಟ ಕನ್ನಡಿ ಮತ್ತು ಬಿಸಿಲಿನ ನೆರವಿನಿಂದ ತಮ್ಮದೇ ಧ್ವನಿತಂತುಗಳನ್ನು ನೋಡಿ, ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರ ಒಪ್ಪಿಸಿದರು.

ಇನ್ನು ಅಭ್ಯಾಸ. ಮೊದಲು ನಿಮ್ಮ ಏರು ಎಲ್ಲಿದೆ ಎಂದು ಪತ್ತೆ ಮಾಡಿ. ‘ಊ’ ಎನ್ನುತ್ತ ತಗ್ಗಿನಿಂದ ಮೇಲಕ್ಕೆ ನಿಧಾನವಾಗಿ ಜಾರಿಸಿ. ಒಂದನೇ ಶ್ರುತಿಯ ಪುರುಷರಿಗೆ ದನಿ ನಡುಗುವುದು ಹೆಚ್ಚಾಗಿ ತಾರಸ್ಥಾಯಿಯ ಗಾಂಧಾರ, ಮಧ್ಯಮಗಳ ಆಸುಪಾಸು. ಐದನೇ ಶ್ರುತಿಯ ಮಹಿಳೆಯರಿಗೆ ಮಧ್ಯಸ್ಥಾಯಿ ಧೈವತದಿಂದ ತಾರ ಷಡ್ಜದ ನಡುವೆ. ವ್ಯಕ್ತಿಯಿಂದ ವ್ಯಕ್ತಿಗೆ ಇದು ಒಂದೆರಡು ಸ್ವರ ಅತ್ತಿತ್ತ ಆಗುತ್ತದೆ.

ಆ ಜಾಗವನ್ನು ದಾಟಲು ಅತ್ಯಂತ ಸುಲಭದ ಸಾಧನ ಮಕ್ಕಳಿಗೆ ಗೊತ್ತಿದೆ: ಬಸ್ಸು ಓಡಿಸುವ ಆಟದ ‘ಬುರ್ರ್’. ತುಟಿ ಅದುರಿಸುತ್ತ ಅದೇ ಸ್ವರಗಳನ್ನು ಏರಿ ಇಳಿಯಿರಿ. ತುಟಿ ಅರ್ಧ ಮುಚ್ಚಿರುವುದರಿಂದ ಬಾಯೊಳಗಿನ ಗಾಳಿ ಹಿಂದಕ್ಕೆ ಒತ್ತುತ್ತದೆ, ತಂತುಗಳು ಒಂದಕ್ಕೊಂದು ಬಲವಾಗಿ ಬಡಿದುಕೊಳ್ಳುವುದಿಲ್ಲ. ಲೋಟದ ನೀರಿನಲ್ಲಿ ಸ್ಟ್ರಾ ಅದ್ದಿ ಗುಳ್ಳೆ ಎಬ್ಬಿಸುತ್ತ ರಾಗ ಎಳೆದರೂ ಆಗುವುದು ಇದೇ. ಕೂಗುವ ಚಾಳಿಗೆ ಇಲ್ಲಿ ಆಸ್ಪದವಿಲ್ಲ. ಒತ್ತಿದರೆ ತುಟಿ ನಿಂತುಬಿಡುತ್ತದೆ.

ಮುಂದಿನ ಮೆಟ್ಟಿಲಿಗೆ ನಮ್ಮ ವರ್ಣಮಾಲೆಯೇ ಸಾಕು. ಯಾವ ಪದದ ಮೊದಲಲ್ಲೂ ಕಾಣದ ‘ಙ’ ಇಲ್ಲಿ ಕೆಲಸಕ್ಕೆ ಬರುತ್ತದೆ. ‘ಅಂಗಳ’ ಎನ್ನುವಾಗ ‘ಗ’ ಬರುವ ಮುಂಚೆ ನಿಲ್ಲಿಸಿ, ಆ ಅನುನಾಸಿಕದಲ್ಲೇ ಅವರೋಹಣ ಮಾಡಿ. ಮೇಲಿನ ತೆಳು ದನಿಯಿಂದ ಹೊರಟು ಕೆಳಗಿಳಿಯುವುದು ಮುಖ್ಯ. ಕೆಳಗಿನ ಭಾರವನ್ನು ಮೇಲಕ್ಕೆ ಹೊರುವುದಕ್ಕಿಂತ ಮೇಲಿನ ಹಗುರವನ್ನು ಕೆಳಕ್ಕೆ ತರುವುದು ಸುಲಭ. ಅನಂತರ ಅಕಾರ. ಎತ್ತರದಲ್ಲಿ ಬಾಯಿ ಅಗಲಿಸಿ ‘ಆ’ ಎಂದರೆ ಅದು ಯಾರನ್ನೋ ಕೂಗಿ ಕರೆಯುವ ಆಕಾರ. ಏರಿದಂತೆ ಅದನ್ನು ‘ಒ’ ಕಡೆಗೆ ತುಸು ವಾಲಿಸಿ. ಪದ ಕೆಡುವಷ್ಟಲ್ಲ, ಉಪ್ಪಿನಷ್ಟು.

ಹೀಗೆ ಹಾಡಿದಾಗ ದನಿ ಮೊದಲಿಗೆ ಸಪ್ಪೆಯಾಗಿ ಕೇಳುತ್ತದೆ. ಬಹಳಷ್ಟು ಜನ ಅಭ್ಯಾಸ ಬಿಡುವುದು ಇಲ್ಲೇ. ಇದು ಕಳ್ಳದನಿ ಎಂಬ ಅಳುಕು, ಜೋರು ಸಾಲದೆಂಬ ನಾಚಿಕೆ. ಈ ಅಳುಕಿಗೆ ಹಿನ್ನೆಲೆಯಿದೆ. ಮೈಕ್ ಇಲ್ಲದ ಕಾಲದ ನಾಟಕ ಕಂಪನಿಗಳಲ್ಲಿ ಕೊನೆಯ ಸಾಲಿಗೆ ಮುಟ್ಟುವ ಕಂಠಕ್ಕೇ ಬೆಲೆ. ಶಾಸ್ತ್ರೀಯ ಸಂಗೀತದ ಗುರುಗಳೂ ಕಳ್ಳದನಿಯನ್ನು ಮೆಚ್ಚುವುದಿಲ್ಲ, ಅಲ್ಲಿ ಗಾಳಿ ಸೋರಿ ಸ್ವರದ ತಿರುಳೇ ತೆಳುವಾಗುತ್ತದೆ. ಮಿಶ್ರದನಿಯಲ್ಲಿ ತಂತುಗಳು ತೆಳುವಾಗಿದ್ದರೂ ಸರಿಯಾಗಿ ಕೂಡುತ್ತವೆ, ಗಾಳಿ ಸೋರದು. ಆ ಕೂಡುವಿಕೆ ಗಟ್ಟಿಯಾಗಲು ಮೇಕೆಮರಿಯಂತೆ ‘ಮೇ’ ಎಂದು ಮೊನಚಾಗಿ ಹಾಡಿ ನೋಡಿ. ಕೇಳಲು ತಮಾಷೆ, ಆದರೆ ದನಿಗೆ ಹೊಳಪು ಬರುತ್ತದೆ. ಒತ್ತದೆಯೇ ವಾದ್ಯಗಳ ನಡುವೆ ಕೇಳಿಸುವುದು ಈ ಹೊಳಪಿನಿಂದ. ಕೊನೆಗೆ ಒಡೆಯುವ ಸ್ವರದ ಮೇಲೇ ನಿಂತು, ಮೆಲ್ಲಗೆ ಹಿಡಿದು, ಹಿಗ್ಗಿಸಿ, ಮತ್ತೆ ಕುಗ್ಗಿಸಿ. ಹಿಗ್ಗಿದ್ದನ್ನು ಒಡೆಯದೆ ಕುಗ್ಗಿಸಲು ಬಂದರೆ ಆ ಬಲ ನಿಮ್ಮದಾಯಿತು.

ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಭಾನುವಾರ ಎರಡು ಗಂಟೆ ಕೂತು ತೀರಿಸುವ ಬಾಕಿ ಇದಲ್ಲ. ಫಲ ಕಾಣಲು ತಿಂಗಳುಗಳೇ ಬೇಕು. ಗಂಟಲು ಉರಿದರೆ ಅಂದಿಗೆ ನಿಲ್ಲಿಸಿ. ಗೊಗ್ಗರು ದನಿ ಎರಡು ಮೂರು ವಾರ ಕಳೆದರೂ ಬಿಡದಿದ್ದರೆ ಇಎನ್‌ಟಿ ವೈದ್ಯರ ಬಳಿ ಹೋಗಿ. ಗಾರ್ಸಿಯಾರ ಕನ್ನಡಿಯ ಜಾಗದಲ್ಲಿ ಅವರ ಹತ್ತಿರ ಈಗ ಕ್ಯಾಮೆರಾ ಇದೆ.

ಇನ್ನು ಆ ಅರ್ಧ ಶ್ರುತಿಯ ವಿಷಯ. ಅಂಜಿ ಇಳಿಸುವ ಬದಲು ಲೆಕ್ಕ ಹಾಕಿ ಇಳಿಸಿ. ಇಷ್ಟದ ಹಾಡನ್ನು ಎರಡು ಶ್ರುತಿ ಕೆಳಗೆ ಇಟ್ಟುಕೊಂಡು, ಚರಣದ ಎತ್ತರ ಮಾತಾಡಿದಷ್ಟು ಸಲೀಸಾಗುವವರೆಗೆ ಹಾಡಿ. ಆಮೇಲೆ ಅರ್ಧ ಏರಿಸಿ. ಮತ್ತೆ ಸಲೀಸಾದ ಮೇಲೆ ಇನ್ನರ್ಧ. ಎತ್ತುಗಳಿಗೆ ಏರು ಅಭ್ಯಾಸವಾಗುವುದು ಚಾಟಿಯಿಂದಲ್ಲ, ದಿನವೂ ಒಂದಷ್ಟು ದೂರ ಹೋಗಿ ಬರುವುದರಿಂದ.