ಗುಹೆಗೆ ಹೋಗೋಣ, ಪ್ರಶ್ನೆ ಹಿಡಿದು ಹೋಗೋಣ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಶುರುವಾಗುತ್ತದೆ. ಎರಡು ದಿನದಲ್ಲಿ ಎಂಟು ಊರು, ಬಸ್ಸಿನಲ್ಲಿ ನಿದ್ದೆ, ಇಳಿದಲ್ಲೆಲ್ಲ ಒಂದು ಫೋಟೊ. ಮರಳಿ ಬಂದ ಮಕ್ಕಳನ್ನು ಏನು ನೋಡಿದಿರಿ ಎಂದು ಕೇಳಿದರೆ ಊರುಗಳ ಪಟ್ಟಿ ಒಪ್ಪಿಸುತ್ತಾರೆ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಎಂಟು ಊರಿನ ಬದಲು ಒಂದೇ ಜಾಗ ಆರಿಸಿ, ಅಲ್ಲಿ ಒಂದು ದಿನ ನಡೆದು ನೋಡುವ ಪ್ರವಾಸ ನಮ್ಮ ಪ್ರಾಥಮಿಕ ಶಾಲೆಗಳಿಗೆ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಉದಾಹರಣೆಗೆ ಕವಳಾ ಗುಹೆಯನ್ನೇ ತೆಗೆದುಕೊಳ್ಳೋಣ.

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯಿಂದ ಸುಮಾರು 25 ಕಿ.ಮೀ. ದೂರದಲ್ಲಿ, ಕಾಡಿನ ನಡುವೆ ಈ ಗುಹೆ ಇದೆ. ಇಲ್ಲಿನ ಕಾಡು 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ನೂರಾರು ಮೆಟ್ಟಿಲು ಇಳಿದು, ಬಗ್ಗಿ, ಕೆಲವೆಡೆ ಮೊಣಕಾಲೂರಿ ಒಳಗೆ ಸಾಗಿದರೆ ನೆಲದಿಂದ ಎದ್ದು ನಿಂತ ಕಲ್ಲೊಂದು ಕಾಣುತ್ತದೆ. ಭಕ್ತರಿಗೆ ಅದು ಶಿವಲಿಂಗ. ವಿಜ್ಞಾನದಲ್ಲಿ ಅದರ ಹೆಸರು ಸ್ಟಾಲಗ್ಮೈಟ್. ಇಬ್ಬರಿಗೂ ಅದು ಕಾಪಾಡಬೇಕಾದ ವಸ್ತುವೇ.

ಈ ಗುಹೆ ಜ್ವಾಲಾಮುಖಿಯಿಂದ ಆದದ್ದು ಎಂಬ ಮಾತು ಪ್ರವಾಸಿ ಬರಹಗಳಲ್ಲಿ ಕಾಣುತ್ತದೆ. ಮಕ್ಕಳು ಅದನ್ನು ಬರೆದುಕೊಂಡು ಬಂದರೆ ಕೆಲಸ ಮುಗಿಯಿತೆ? ಲಾವಾ ಹರಿದು ಹೋದಾಗಲೂ ಕೊಳವೆಯಂಥ ಗುಹೆಗಳು ಉಂಟಾಗುತ್ತವೆ, ನಿಜ. ಆದರೆ ಸುಣ್ಣದ ಸ್ಟಾಲಗ್ಮೈಟ್ ಬೆಳೆಯಬೇಕಾದರೆ ಸುಣ್ಣ ಕರಗಿದ ನೀರು ತೊಟ್ಟಿಕ್ಕಬೇಕು. ಇದು ಬೆಂಕಿಯ ಕೆಲಸವೋ ನೀರಿನ ಕೆಲಸವೋ ಎಂದು ಕಲ್ಲನ್ನೇ ಕೇಳಲು ಮಕ್ಕಳಿಗೆ ಬರಬೇಕು.

ಅದಕ್ಕೆ ಹೊರಡುವ ಮೊದಲೇ ತಯಾರಿ ಬೇಕು. ಎಲೆ ಅಡಿಕೆಗೆ ಹಾಕುವ ಸುಣ್ಣವನ್ನು ಚಿಟಿಕೆಯಷ್ಟು ಒಂದು ಲೋಟ ನೀರಿನಲ್ಲಿ ಕಲಕಿ ರಾತ್ರಿಯಿಡೀ ಬಿಡಿ. ಮೇಲಿನ ತಿಳಿಯನ್ನು ಬಸಿದು ಅದಕ್ಕೆ ಅಷ್ಟೇ ಮಳೆನೀರು ಬೆರೆಸಿ. ಕೊಳವೆಯಿಂದ ಉಸಿರು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು. ಸುಣ್ಣದ ಕಲ್ಲೆಂದರೂ ಇದೇ. ಇನ್ನೂ ಬಹಳ ಹೊತ್ತು ಊದಿದರೆ ಬಿಳುಪು ಕಡಿಮೆಯಾಗುತ್ತ ಹೋಗುತ್ತದೆ, ಏಕೆಂದರೆ ಕಾರ್ಬೊನೇಟು ಬೈಕಾರ್ಬೊನೇಟಾಗಿ ನೀರಿನಲ್ಲಿ ಕರಗುತ್ತದೆ. ಆ ನೀರನ್ನು ಕಾಯಿಸಿದರೆ ಅನಿಲ ಹೊರಟುಹೋಗಿ ಬಿಳುಪು ಮರಳುತ್ತದೆ. ಸುಣ್ಣದ ತಿಳಿಯನ್ನು ಶಿಕ್ಷಕರೇ ತಯಾರಿಸಲಿ. ಮಕ್ಕಳು ಊದಬೇಕೇ ಹೊರತು ಹೀರಬಾರದು. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು.

ಲೋಟದಲ್ಲಿ ಆದದ್ದೇ ಗುಹೆಯಲ್ಲೂ ಆಗುತ್ತದೆ. ಕಾಡಿನ ಮಣ್ಣಿಗೆ ಇಳಿಯುವ ಮಳೆನೀರು, ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಸೇರಿಸಿಕೊಂಡು ತುಸು ಆಮ್ಲವಾಗುತ್ತದೆ. ಸುಣ್ಣದ ಕಲ್ಲನ್ನು ಕರಗಿಸಿ ಟೊಳ್ಳು ಮಾಡುತ್ತದೆ. ಅದೇ ನೀರು ಟೊಳ್ಳಿನ ಚಾವಣಿಯಲ್ಲಿ ಹನಿಯಾದಾಗ ಅನಿಲ ಗಾಳಿಗೆ ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಮೇಲಿನಿಂದ ಇಳಿಯುವುದು ಸ್ಟಾಲಕ್ಟೈಟ್, ಕೆಳಗಿನಿಂದ ಏಳುವುದು ಸ್ಟಾಲಗ್ಮೈಟ್. ಅಂದರೆ ಮೇಲಿನ ಕಾಡೂ ಗುಹೆಯ ಭಾಗವೇ. ಗುಹೆಯ ಬಾಗಿಲಿಗೇ ಬಸ್ಸು ಹೋಗಬೇಕು ಎನ್ನುವವರು ಕಾಡುದಾರಿಯ ಜೊತೆಗೆ ಅರ್ಧ ಪಾಠವನ್ನೂ ಬಿಟ್ಟಂತೆ.

ಈ ಬೆಳವಣಿಗೆ ಬಹಳ ನಿಧಾನ. ನೀರು, ಹವೆಗೆ ತಕ್ಕಂತೆ ವೇಗ ಬದಲಾಗುತ್ತದಾದರೂ ಒಂದು ಸೆಂಟಿಮೀಟರಿಗೆ ನೂರು ವರ್ಷ ಹಿಡಿಯುವುದು ಅಪರೂಪವಲ್ಲ. ಐದನೆಯ ತರಗತಿಯ ಮಗು ಒಂದು ವರ್ಷದಲ್ಲಿ ಸುಮಾರು 6 ಸೆಂ.ಮೀ. ಬೆಳೆಯುತ್ತದೆ. ಅಷ್ಟು ಬೆಳೆಯಲು ಈ ಕಲ್ಲಿಗೆ 600 ವರ್ಷ! ಲೆಕ್ಕವನ್ನು ಮಕ್ಕಳೇ ಮಾಡಲಿ. ಆಮೇಲೆ ಕಲ್ಲನ್ನು ಮುರಿಯಬೇಡಿ ಎಂದು ಗದರಿಸಬೇಕಾಗಿಲ್ಲ. ಕೈಯ ಜಿಡ್ಡು ತಾಗಿದರೂ ಸುಣ್ಣ ಕೂರುವುದು ಕೆಡುತ್ತದೆ ಎಂದು ತಿಳಿಸಿದರೆ ಸಾಕು.

ಚಿಕ್ಕ ಮಕ್ಕಳನ್ನು ಕತ್ತಲೆಗೆ ಏಕೆ ಒಯ್ಯಬೇಕು, ವಿಡಿಯೊ ತೋರಿಸಿದರೆ ಸಾಲದೆ ಎಂದು ಕೆಲವರು ಕೇಳುತ್ತಾರೆ. ವಿಡಿಯೊ ತೋರಿಸಲಾಗದ್ದು ಕತ್ತಲೆಯನ್ನೇ. ಸುರಕ್ಷಿತ ಜಾಗದಲ್ಲಿ ಕುಳಿತು ಒಂದು ನಿಮಿಷ ಟಾರ್ಚ್ ಆರಿಸಿದರೆ ಬೆಳಕಿಲ್ಲದೆ ಕಣ್ಣು ಏನನ್ನೂ ಕಾಣದು ಎಂಬುದು ಅನುಭವಕ್ಕೆ ಬರುತ್ತದೆ. ಅಲ್ಲಿ ಬಾವಲಿ ಹೇಗೆ ಹಾರುತ್ತದೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ನಾವು ಹೋದರೆ ಗುಹೆಗೇ ತೊಂದರೆಯಲ್ಲವೆ ಎಂಬ ಇನ್ನೊಂದು ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಬೆಳಗಾವಿ ಜಿಲ್ಲೆಯ ಭೀಮಗಡ ಕಾಡಿನಲ್ಲಿ ಬಾರಾಪೇಡೆ ಎಂಬ ಗುಹೆ ಇದೆ. 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ರಾಟನ್ಸ್ ಫ್ರೀ ಟೇಲ್ಡ್ ಬಾವಲಿ ಬಹುಕಾಲ ಲೋಕದಲ್ಲಿ ಇಲ್ಲಿ ಮಾತ್ರ ಇದೆಯೆಂದೇ ತಿಳಿಯಲಾಗಿತ್ತು. ಮುಂದೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಕಂಡಿತು. ಅಂಥ ಗುಹೆಗೆ ನಾವು ಹೋಗಲೇಬಾರದು. ಹೋಗದಿರುವುದೂ ಒಂದು ಪಾಠವೇ.

ತೆರೆದಿರುವ ಗುಹೆಗಾದರೂ ಅರಣ್ಯ ಇಲಾಖೆಯ ಅನುಮತಿ ಸಿಕ್ಕರೆ ಮಾತ್ರ ಹೋಗಬೇಕು. ಹತ್ತು ಹತ್ತು ಮಕ್ಕಳ ಗುಂಪು, ಪ್ರತಿ ಗುಂಪಿಗೆ ಒಬ್ಬ ಶಿಕ್ಷಕರು. ಸೀಟಿ, ಕೂಗು, ಊದುಬತ್ತಿ, ತಿಂಡಿಯ ಪೊಟ್ಟಣ ಒಳಗೆ ಬೇಡ. ಬಾವಲಿಗಳ ಮೇಲೆ ಟಾರ್ಚ್ ಬಿಡುವುದು ಬೇಡ. ಹಗಲು ಅವುಗಳ ನಿದ್ದೆಯ ಹೊತ್ತು. ಒಳಗೆ ಹೋಗಲು ಅನುಮತಿ ಸಿಗದಿದ್ದರೆ, ಜನರಿಗೆ ಬಿಟ್ಟ ಕಾಡುದಾರಿಯಲ್ಲಿ ಮಾತ್ರ ನಡೆದು, ಮಣ್ಣು, ಎಲೆ, ನೀರು ನೋಡಿ ಬರೋಣ.

ಕವಳಾ ದೂರವಾದರೆ ನಿಮ್ಮ ತಾಲ್ಲೂಕಿನ ಗುಡ್ಡವೇ ಆಗಬಹುದು. ಅಲ್ಲಿಯ ಕಲ್ಲು ಬೇರೆ, ಪ್ರಶ್ನೆಯೂ ಬೇರೆ. ಈ ವರ್ಷದ ಪ್ರವಾಸದ ವರದಿಯಲ್ಲಿ ನೋಡಿದ ಊರುಗಳ ಸಂಖ್ಯೆ ಬೇಡ. ಪ್ರತಿ ಮಗುವಿನ ಹೆಸರಿನ ಮುಂದೆ, ಅದು ಅಲ್ಲಿ ಕೇಳಿದ ಒಂದು ಪ್ರಶ್ನೆ ಇರಲಿ.